ಆರು ಲೋಡು ಜಲ್ಲಿ

ಮನೆ ಕಟ್ಟಲು ಶುರುಮಾಡಿದ ವರ್ಷ ನನಗೆ ಅಳತೆಯ ಹುಚ್ಚು ಹಿಡಿದಿತ್ತು. ಕೈಚೀಲದಲ್ಲಿ ಕುಂಕುಮದ ಭರಣಿಯ ಪಕ್ಕದಲ್ಲೇ ಉಕ್ಕಿನ ಟೇಪು. ಮದುವೆಗೆ ಹೋದರೆ, ಅಕ್ಷತೆ ಹಾಕುವ ಹೊತ್ತಿಗೆ ಎಲ್ಲರೂ ಮದುಮಕ್ಕಳನ್ನು ನೋಡುತ್ತಿದ್ದರೆ ನಾನು ಕಲ್ಯಾಣ ಮಂಟಪದ ತೊಲೆಗಳನ್ನು ನೋಡುತ್ತಿದ್ದೆ. ಬೆಣ್ಣೆದೋಸೆ ಹೋಟೆಲಿನಲ್ಲಿ ಒಮ್ಮೆ ಟೇಬಲ್ಲಿನ ಕಲ್ಲಿಗೆ ಟೇಪು ಹಿಡಿದಾಗ ನನ್ನ ಗಂಡ ದೋಸೆಯ ತಟ್ಟೆ ಎತ್ತಿಕೊಂಡು ಬೇರೆ ಟೇಬಲ್ಲಿಗೆ ಹೋದರು. ನಾನು ಅಲ್ಲಿಗೂ ಹೋಗಿ ಆ ಕಲ್ಲಿನ ಅಳತೆಯನ್ನೂ ತೆಗೆದುಕೊಂಡೆ.

ಹುಚ್ಚಿಗೆ ಕಾರಣವಿತ್ತು. ನಾನು ಸಿವಿಲ್ ಡಿಪ್ಲೊಮಾ ಓದಿದವಳು. ಅದು ಮುಗಿದ ವರ್ಷವೇ ಮದುವೆಯಾಗಿ, ದಾವಣಗೆರೆಯಲ್ಲಿ ಹಿಂಡಿ-ಬೂಸಾ ಅಂಗಡಿ ಇಟ್ಟಿರುವ ಈ ಮನೆಗೆ ಬಂದೆ. ಅಲ್ಲಿಂದಾಚೆಗೆ ನಾನು ಹಾಕಿದ ಎಸ್ಟಿಮೇಟೆಲ್ಲ ಅಕ್ಕಿ, ಬೇಳೆ, ಪರದೆಯ ಬಟ್ಟೆ ಇಷ್ಟಕ್ಕೇ. ಈಗ ರಿಂಗ್ ರೋಡಿನ ಆಚೆಯ ಹೊಸ ಬಡಾವಣೆಯಲ್ಲಿ ನಮ್ಮದೇ ಸೈಟು, ನಮ್ಮದೇ ಮನೆ. ನಕ್ಷೆ ನಾನೇ ಬರೆದಿದ್ದೆ. ಕಬ್ಬಿಣದ ವಿವರವನ್ನು ಮಾತ್ರ ಗೊತ್ತಿದ್ದ ಇಂಜಿನಿಯರೊಬ್ಬರಿಗೆ ತೋರಿಸಿ ರುಜು ಹಾಕಿಸಿಕೊಂಡಿದ್ದೆವು. ಮಿಕ್ಕಿದ್ದೆಲ್ಲ ನನ್ನದೇ ಕಾರುಬಾರು. ಬೆಳಿಗ್ಗೆ ಎದ್ದರೆ ಹಲ್ಲುಜ್ಜುವ ಮೊದಲೇ ನಗು ಬರುತ್ತಿತ್ತು.

ಆದರೆ ನನ್ನ ಕಣ್ಣು ಇದ್ದದ್ದು ಇನ್ನೊಂದು ಮನೆಯ ಮೇಲೆ. ನನ್ನ ಗಂಡನ ಅಕ್ಕ ಹರಿಹರದಲ್ಲಿ ಪಾತ್ರೆ ಅಂಗಡಿ ನಡೆಸುತ್ತಾರೆ. ಮನೆಯಲ್ಲಿ ಎಲ್ಲರೂ ಅವರನ್ನು ಹರಿಹರದಕ್ಕ ಎಂದೇ ಅನ್ನುವುದು. ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ ಎರಡಂತಸ್ತಿನ ಮನೆ ಕಟ್ಟಿಸಬೇಕೆಂದು ಅವರು ಬಹಳ ದಿನಗಳಿಂದ ಹೇಳುತ್ತಿದ್ದರು. ಆ ಮನೆ ನನಗೆ ಬೇಕಿತ್ತು. ವಾಸಕ್ಕಲ್ಲ, ಕಟ್ಟುವುದಕ್ಕೆ. ಸ್ವಂತ ಮನೆಯನ್ನು ಯಾರಾದರೂ ನಿಂತು ಕಟ್ಟಿಸಿಕೊಳ್ಳುತ್ತಾರೆ. ಇನ್ನೊಬ್ಬರು ಕರೆದು ನಮ್ಮದನ್ನೂ ಕಟ್ಟಿಸಿಕೊಡು ಅಂದಾಗಲೇ ಇಂಜಿನಿಯರ್ ಅನ್ನಿಸಿಕೊಳ್ಳುವುದು. ಹಾಗೆ ಅನ್ನಿಸಿಕೊಳ್ಳಬೇಕೆಂಬ ಆಸೆಯನ್ನು ಅಷ್ಟು ವರ್ಷ ಟ್ರಂಕಿನಲ್ಲಿ ಸರ್ಟಿಫಿಕೇಟಿನ ಜೊತೆಗೇ ಇಟ್ಟು ಬೀಗ ಹಾಕಿದ್ದೆ. ಒಂದು ಭಾನುವಾರ ಧೈರ್ಯ ಮಾಡಿ ಹರಿಹರದ ಬಸ್ಸು ಹತ್ತಿದೆ.

ಹರಿಹರದಕ್ಕ ಗಿರಾಕಿಯೊಬ್ಬರಿಗೆ ಹಂಡೆ ತೋರಿಸುತ್ತಿದ್ದರು. ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡು, ಹಂಡೆಗೊಮ್ಮೆ ಬೆರಳಿನಿಂದ ಬಡಿದು ಸದ್ದು ಕೇಳಿ, ಆಮೇಲೆ ನನ್ನ ಕಡೆ ತಿರುಗಿದರು.

"ಕೊಡ್ತೀನವ್ವ. ಆದ್ರೆ ಮೊದ್ಲು ನಿಮ್ಮನಿ ಆರ್‌ಸಿಸಿ ನೋಡ್ತೀನಿ. ಜಲ್ಲಿ ಕಮ್ಮಿ ಬಿದ್ದು ಕೆಲ್ಸ ನಡುವೆ ನಿಂದರಬಾರ್ದು. ಹಂಗಂತ ರಾಶಿಗಟ್ಲೆ ಉಳೀನೂಬಾರ್ದು. ಎರಡೂ ಆಗ್ಲಿಲ್ಲ ಅಂದ್ರೆ ನನ್ನ ಮನಿ ನಿನ್ನ ಕೈಗೆ."

ನಮ್ಮ ಕಡೆ ತಾರಸಿಗೆ ಕಾಂಕ್ರೀಟು ಹಾಕುವುದಕ್ಕೆ ಆರ್‌ಸಿಸಿ ಅಂತಲೇ ಅನ್ನುವುದು. ಅದನ್ನು ಶುರುಮಾಡಿದರೆ ಒಂದೇ ಪಟ್ಟಿಗೆ ಮುಗಿಸಬೇಕು. ಅರ್ಧಕ್ಕೆ ನಿಲ್ಲಿಸಿ ಮಾರನೆಯ ದಿನ ಮುಂದುವರಿಸಿದರೆ ಎರಡೂ ದಿನದ ಕಾಂಕ್ರೀಟು ಸರಿಯಾಗಿ ಬೆಸೆಯದೆ, ಮಳೆಗಾಲದಲ್ಲಿ ಆ ಗೆರೆಯುದ್ದಕ್ಕೂ ನೀರು ಜಿನುಗುತ್ತದೆ. ಇನ್ನು ಉಳಿಯುವುದರ ಕಥೆ ಹರಿಹರದಕ್ಕನಿಗೆ ಸ್ವಂತ ಅನುಭವ. ಅವರ ಅಂಗಡಿ ಕಟ್ಟಿಸಿದಾಗ ಉಳಿದ ಜಲ್ಲಿ ಬಾಗಿಲ ಮುಂದೆ ಬಿದ್ದಿದ್ದು, ಬೀದಿಯವರು ಬಾಂಡ್ಲಿಗಟ್ಟಲೆ ಹೊತ್ತರೂ ಮುಗಿಯದೆ, ಗಿರಾಕಿಗಳು ಅದನ್ನು ಹತ್ತಿ ಇಳಿದೇ ಪಾತ್ರೆ ಕೊಳ್ಳಬೇಕಾಗಿತ್ತಂತೆ.

ವಾಪಸು ಬರುವಾಗ ನಾನು ನೆಲದ ಮೇಲೆ ಇರಲಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ "ಎಲ್ಲಿಗ್ರಿ?" ಅಂದರೆ "ಆರ್‌ಸಿಸಿಗೆ" ಅಂದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ತನ್ನ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು.

ಹಳೇ ಊರಿನಲ್ಲಿದ್ದ ನಮ್ಮ ಬಾಡಿಗೆ ಮನೆಯ ಹಜಾರದ ನೆಲವೇ ನನ್ನ ಕರಿಹಲಗೆಯಾಯಿತು. ಸೀಮೆಸುಣ್ಣದಿಂದ ತಾರಸಿಯ ಉದ್ದ, ಅಗಲ, ದಪ್ಪ ಬರೆದೆ, ಅದಕ್ಕೆ ತೊಲೆಗಳನ್ನು ಸೇರಿಸಿದೆ, ಮುಂದಿನ ಪೋರ್ಟಿಕೋ ಸೇರಿಸಿದೆ. ಜಲ್ಲಿಯ ಗುಣವೇ ಬೇರೆ. ಎರಡು ಬಾಂಡ್ಲಿ ಜಲ್ಲಿಗೆ ಒಂದು ಬಾಂಡ್ಲಿ ಮರಳು ಸುರಿದರೆ ಮೂರು ಬಾಂಡ್ಲಿ ಆಗುವುದಿಲ್ಲ. ಮರಳು ಕಲ್ಲುಗಳ ಸಂದಿಗೆ ಇಳಿದು ಕೂರುತ್ತದೆ, ಸಿಮೆಂಟು ಮರಳಿನ ಸಂದಿಗೆ. ಮಂಡಕ್ಕಿಗೆ ಖಾರ ಬೆರೆಸಿದರೆ ಪಾತ್ರೆ ಅಷ್ಟೇ ತುಂಬಿರುತ್ತದಲ್ಲ, ಹಾಗೆ. ಆದ್ದರಿಂದ ತಾರಸಿ ಎಷ್ಟಿದೆಯೋ ಅದಕ್ಕಿಂತ ಜಾಸ್ತಿಯೇ ಸಾಮಾನು ಬೇಕು, ಎಷ್ಟು ಜಾಸ್ತಿ ಅನ್ನುವುದರಲ್ಲೇ ಲೆಕ್ಕ ಹಾಕಿದವರ ಮರ್ಯಾದೆ ಇರುವುದು. ಜಲ್ಲಿ ತರುವ ಟ್ರ್ಯಾಕ್ಟರಿನವನು ಹೇಳಿದ ಅಳತೆಯನ್ನು ನಂಬದೆ, ಸೀರೆಯ ನೆರಿಗೆ ಎತ್ತಿ ಕಟ್ಟಿ ಅವನ ಟ್ರೇಲರ್ ಒಳಗೇ ಇಳಿದು ಅಳೆದೆ. ಅವನು ಬೀಡಿ ಆರಿಸಿ ನಿಂತು ನೋಡಿದ. ಎರಡು ಸಲ ಕೂಡಿಸಿದೆ, ಅಳಿಸಿ ಮತ್ತೆ ಕೂಡಿಸಿದೆ. ಆರು ಲೋಡು ಬಂತು. ಆರು! ಹಜಾರದಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿಕೊಂಡೆ.

ಮೇಸ್ತ್ರಿಯನ್ನೂ ಕೇಳಿ ನೋಡೋಣ ಅನ್ನಿಸಿತು. ಆತ ಕೂಲಿ ಕೆಲಸಕ್ಕೆ ಮಾತ್ರ ಒಪ್ಪಿಕೊಂಡವನು, ಸಾಮಾನು ತರಿಸುವುದು ನಮ್ಮ ಪಾಲಿಗೆ. ಯಾರ ಮನಸ್ಸನ್ನೂ ನೋಯಿಸುವ ಸ್ವಭಾವ ಅವನದಲ್ಲ.

"ಆರು ಲೋಡು ಸಾಕಾಗ್ತೈತೇನಪ್ಪ?"

"ಆಗ್ಬಹುದ್ರಿ ಮೇಡಮ್ಮಾರೆ."

"ನಾಲ್ಕು ತರಿಸಿದ್ರೆ?"

"ಆಗ್ಬಹುದ್ರಿ."

"ಹತ್ತು?"

"ಅದೂ ಆಗ್ಬಹುದ್ರಿ."

ಇಷ್ಟು ಬೆಂಬಲ ನನಗೆ ಧಾರಾಳವಾಯಿತು. ಹರಿಹರಕ್ಕೆ ಫೋನು ಮಾಡಿ "ಅಕ್ಕಾ, ಆರು!" ಎಂದು ಕೂಗಿದೆ. ಆ ಕಡೆಯಿಂದ "ಹೂಂ, ಆತು" ಅಂತಷ್ಟೇ ಬಂತು.

ಮನೆಯಲ್ಲಿ ಮಾತ್ರ ನನ್ನ ಆರಕ್ಕೆ ಅಂಥ ಗೌರವ ಸಿಗಲಿಲ್ಲ. ನನ್ನ ಅತ್ತೆ ಭಾನುವಳ್ಳಿಯವರು, ನಾಲೆ ನೀರಿನ ಗದ್ದೆಯ ನಡುವೆ ಬೆಳೆದವರು. ಅವರ ಪ್ರಕಾರ ಭೂಮಿಯ ಮೇಲೆ ಗುಡ್ಡೆ ಹಾಕಿದ್ದೆಲ್ಲ ರಾಶಿಯೇ, ಅದಕ್ಕೆಲ್ಲ ಕಣದ ನಿಯಮವೇ.

"ರಾಶಿ ಅಂದ್ಮ್ಯಾಲೆ ಕಣದಾಗೆ ಒಂದಿಷ್ಟು ಉಳೀಬೇಕವ್ವ. ಪೂರ್ತಿ ಬಳಕೊಂಡು ಹೋಗಬಾರ್ದು. ಮನಿಗೆ ಹುಲುಸಾಗಲ್ಲ" ಅಂದರು.

"ಅತ್ತೆ, ಇದು ನೆಲ್ಲಲ್ಲ, ಜಲ್ಲಿ."

"ಉಣ್ಣೋದಾದ್ರೇನು, ತಲೆ ಮ್ಯಾಲೆ ಇರೋದಾದ್ರೇನು? ರಾಶಿ ರಾಶಿನೇ."

ನನ್ನ ಗಂಡನದು ಅಂಗಡಿಯ ತರ್ಕ. "ಹಿಂಡಿ ಚೀಲ ಬಂದಾಗ ಒಂದು ತೂಕ, ಮಾರುವಾಗ ಇನ್ನೊಂದು ತೂಕ. ಒಣಗೋದು ಅಂತ ಒಂದೈತಲ್ಲ" ಅಂದರು.

"ಕಲ್ಲು ಒಣಗ್ತೈತೇನ್ರಿ?"

ಅವರು ಟೀ ಕುಡಿಯಲು ಎದ್ದು ಹೋದರು. ಅತ್ತೆಯೂ ಹತ್ತಿಯ ಬತ್ತಿ ಹೊಸೆಯಲು ಕೂತರು. ಇಬ್ಬರೂ ಅಷ್ಟು ಬೇಗ ಸುಮ್ಮನಾಗುವವರಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು, ಆದರೆ ಖುಷಿಯಲ್ಲಿದ್ದವಳಿಗೆ ಎದುರಾಳಿಗಳ ಮೌನ ಗೆಲುವಿನ ಹಾಗೇ ಕೇಳಿಸಿತು.

ಜಲ್ಲಿ ಆನಗೋಡು ಕಡೆಯ ಕ್ರಷರಿನಿಂದ ಬರತೊಡಗಿತು. ಟ್ರ್ಯಾಕ್ಟರಿನವನು ಬಿಡುವಾದಾಗ ಒಂದು, ಬೆಳಗಿನ ಜಾವ ಒಂದು ಎಂದು ತನಗೆ ತೋಚಿದಂತೆ ತಂದು ಪಕ್ಕದ ಖಾಲಿ ಸೈಟಿನಲ್ಲಿ ಸುರಿದು ಹೋಗುತ್ತಿದ್ದ. ಒಂದು ಗುಡ್ಡೆಯ ಪಕ್ಕ ಇನ್ನೊಂದು ಬಿದ್ದು, ನಡುವೆ ಎರಡು ದಿನ ಮಳೆಯೂ ಬಂದು, ಎಲ್ಲ ಸೇರಿ ಒಂದೇ ದಿಬ್ಬವಾಯಿತು. ಸಂಜೆ ಹೋಗಿ ನೋಡಿದರೆ ನನ್ನ ಕಣ್ಣಿಗೇ ಅದು ಸ್ವಲ್ಪ ದಷ್ಟಪುಷ್ಟವಾಗಿ ಕಂಡಿತು. ಆ ದಿನಗಳಲ್ಲಿ ನನಗೆ ಎಲ್ಲವೂ ದೊಡ್ಡದಾಗಿಯೇ ಕಾಣುತ್ತಿದ್ದರಿಂದ ತಲೆ ಕೆಡಿಸಿಕೊಳ್ಳಲಿಲ್ಲ. ದಿಬ್ಬದ ತುದಿಗೆ ಹತ್ತಿ ನಿಂತು ನಮ್ಮ ಮನೆಯ ಸೆಂಟ್ರಿಂಗ್ ಹಲಗೆಗಳನ್ನೂ ಅದರ ಮೇಲೆ ಹೆಣೆದ ಕಬ್ಬಿಣವನ್ನೂ ನೋಡಿದೆ. ಚಪ್ಪಲಿಯೊಳಗೆ ಕಲ್ಲು ಸೇರಿ ಚುಚ್ಚುತ್ತಿದ್ದರೂ ಇಳಿಯುವ ಮನಸ್ಸಾಗಲಿಲ್ಲ.

ಆರ್‌ಸಿಸಿಯ ಬೆಳಿಗ್ಗೆ ಅತ್ತೆ ಕಾಂಕ್ರೀಟು ಮಿಕ್ಸರಿಗೆ ವಿಭೂತಿಯ ಮೂರು ಪಟ್ಟೆ ಎಳೆದು, ಹೂವು ಏರಿಸಿ, ಕಾಯಿ ಒಡೆಸಿದರು. ಆಮೇಲೆ ಜಲ್ಲಿಯ ದಿಬ್ಬಕ್ಕೂ ಊದಿನಕಡ್ಡಿ ಬೆಳಗಿದರು. ಮೊದಲ ಬಾಂಡ್ಲಿ ಮಿಕ್ಸರಿಗೆ ಬಿದ್ದಾಗ, ಕಣದಲ್ಲಿ ರಾಶಿ ಅಳೆಯುವಾಗ ಒಂದು ಅನ್ನದೆ ಲಾಭ ಅನ್ನುತ್ತಾರಲ್ಲ, ಹಾಗೆಯೇ ಗಟ್ಟಿಯಾಗಿ "ಲಾಭ!" ಅಂದರು. ಆಳುಗಳಿಗೆ ಅದು ಹಿಡಿಸಿಬಿಟ್ಟಿತು. ದಿನವಿಡೀ ಪ್ರತಿ ಸಲ ಮಿಕ್ಸರ್ ತುಂಬಿದಾಗಲೂ ಯಾರಾದರೊಬ್ಬರು "ಲಾಭ!" ಎಂದು ಕೂಗುವುದು, ಮೇಲಿದ್ದವರು ನಗುವುದು ನಡೆದೇ ಇತ್ತು.

ಹರಿಹರದಕ್ಕ ಬೇಗನೇ ಬಂದರು. ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಕೊಡೆ ಬಿಚ್ಚಿ, ಮನೆಗೆ ಬೆನ್ನು ಮಾಡಿ ದಿಬ್ಬಕ್ಕೆ ಮುಖ ಮಾಡಿ ಕೂತರು. ನಾನು ಏಣಿ ಹತ್ತಿದೆ, ಇಳಿದೆ, ದಪ್ಪ ನೋಡಿದೆ, ಮೂಲೆ ನೋಡಿದೆ, ಇಲ್ಲಿ ತುಂಬಿಸ್ರಿ ಅಲ್ಲಿ ತುಂಬಿಸ್ರಿ ಎಂದು ಕೂಗಿ ಕೂಗಿ ಗಂಟಲು ಕೆಡಿಸಿಕೊಂಡೆ. ಒಮ್ಮೆ ಆಳುಗಳ ಸಾಲಿನಲ್ಲಿ ಸೇರಿ ನಾನೂ ಒಂದು ಬಾಂಡ್ಲಿ ಹಿಡಿದು ಮುಂದಿನವಳಿಗೆ ದಾಟಿಸಿದೆ. ಸೀರೆಯ ತುಂಬ ಸಿಮೆಂಟು. ಇಷ್ಟು ಸುಖ ನನಗೆ ಯಾವ ರೇಷ್ಮೆ ಸೀರೆಯಲ್ಲೂ ಆಗಿಲ್ಲ.

ಹೊತ್ತು ಇಳಿಯುವ ಮೊದಲೇ ಕೊನೆಯ ಮೂಲೆ ತುಂಬಿತು. ಕೆಲಸ ಎಲ್ಲೂ ನಿಲ್ಲಲಿಲ್ಲ. ಮೇಸ್ತ್ರಿ ಮೇಲಿನಿಂದ ಕೈ ಎತ್ತಿ ತೋರಿಸಿದ. ನಾನು ಗೆದ್ದವಳ ಹಾಗೆ ಹರಿಹರದಕ್ಕನ ಕಡೆ ತಿರುಗಿದೆ. ಅವರು ಕುರ್ಚಿಯಿಂದ ಎದ್ದು, ಕೊಡೆ ಮಡಿಚಿ, ಅದರ ತುದಿಯಿಂದ ಉಳಿದ ಜಲ್ಲಿಯನ್ನು ತೋರಿಸುತ್ತಿದ್ದರು.

"ಇದೇನು?"

ಆಗಷ್ಟೇ ನಾನು ಅದನ್ನು ಸರಿಯಾಗಿ ನೋಡಿದ್ದು. ಎರಡು ಲೋಡಿಗೆ ಮೋಸವಿಲ್ಲದಂತೆ ಜಲ್ಲಿ ಹಾಗೇ ಬಿದ್ದಿತ್ತು. ಆರಕ್ಕೆ ಎರಡು ಉಳಿದರೆ ನಾನು ಹಾಕಿದ್ದು ಎಂಥ ಲೆಕ್ಕ? ಅಡುಗೆ ಕಲಿಯುವ ಹುಡುಗಿಯೂ ಅನ್ನಕ್ಕೆ ಇಷ್ಟು ತಪ್ಪು ಅಂದಾಜು ಹಾಕುವುದಿಲ್ಲ. ಹರಿಹರದ ಮನೆ ಕಣ್ಣೆದುರೇ ಜಾರಿ ಹೋಯಿತು.

"ಅಕ್ಕಾ, ಆರಕ್ಕೆ ಆರೇ ಹೇಳಿದ್ದೆ. ಹೆಂಗಾತೋ ನಂಗೆ ಗೊತ್ತಾಗವಲ್ದು" ಅಂದೆ.

ಅತ್ತೆ ಮೆಲ್ಲಗೆ ಮುಂದೆ ಬಂದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ಒಂದು ಲೋಡು ನಾನು ಹೇಳಿದ್ದೆ. ಕಣ ಬರಿದಾಗಬಾರ್ದು ಅಂತ" ಅಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಗಂಡ ಕೆಮ್ಮಿದರು. "ನಾನೂ ಒಂದು ಹೇಳಿದ್ದೆ. ಕಮ್ಮಿ ಬಿದ್ರೆ ನೀನು ಅಳ್ತೀಯಲ್ಲ ಅಂತ."

ಸಿಟ್ಟು ಬರಬೇಕಿತ್ತು. ಅದಕ್ಕೆ ಮೊದಲು ತಲೆಯೊಳಗೆ ಲೆಕ್ಕ ಬಂತು. ಆರು ನನ್ನದು, ಅತ್ತೆಯದೊಂದು, ಇವರದೊಂದು, ಒಟ್ಟು ಎಂಟು. ಎಂಟರಲ್ಲಿ ಎರಡು ಉಳಿದಿದೆ. ಅಂದರೆ ತಾರಸಿಗೆ ಹೋದದ್ದು ಆರು. ಸರಿಯಾಗಿ ಆರು!

ನಾನು ಕಿರುಚಿದ ಸದ್ದಿಗೆ ಮೇಲಿದ್ದ ಆಳೊಬ್ಬ ಯಾರೋ ಬಿದ್ದರೆಂದು ಏಣಿಯ ಹತ್ತಿರ ಓಡಿ ಬಂದನಂತೆ. ಅತ್ತೆಯ ಎರಡೂ ಕೈ ಹಿಡಿದು ಗರಗರ ತಿರುಗಿಸಿದೆ. ಅವರು "ಬಿಡೇ, ಮಂಡಿ ಹೋಗ್ತೈತೆ" ಅನ್ನುತ್ತಲೇ ತಿರುಗಿದರು. ಬಾಂಡ್ಲಿ ದಾಟಿಸುತ್ತಿದ್ದ ಹೆಣ್ಣಾಳುಗಳು ಯಾಕೆ ಏನು ಎಂದು ಕೇಳದೆ ಕೈ ತಟ್ಟಿ ಕುಣಿಯಲು ಬಂದರು. ಯಾರೋ ಖಾಲಿ ಬಾಂಡ್ಲಿಯನ್ನು ಸಲಿಕೆಯಿಂದ ಬಡಿದರು. ನನ್ನ ಒಂದು ಚಪ್ಪಲಿ ನೀರಿನ ಡ್ರಮ್ಮಿನೊಳಗೆ ಹೋಯಿತು. ಎದುರು ಮನೆಯ ಮಾಳಿಗೆಯಲ್ಲಿ ಬಟ್ಟೆ ತೆಗೆಯಲು ಬಂದವರು ಬಟ್ಟೆ ಬಿಟ್ಟು ನಮ್ಮನ್ನು ನೋಡುತ್ತ ನಿಂತರು. ನನ್ನ ಗಂಡ ಮೊದಲು ಅತ್ತಿತ್ತ ನೋಡಿ, ಆಮೇಲೆ ಅವರೂ ಎರಡು ಹೆಜ್ಜೆ ಹಾಕಿದರು. ಹಿಂಡಿಯ ಚೀಲ ಹೊತ್ತವರ ಹಾಗೆಯೇ ಇತ್ತು ಆ ಕುಣಿತ.

ಹರಿಹರದಕ್ಕ ಮಾತ್ರ ಕೊಡೆಯನ್ನು ನೆಲಕ್ಕೆ ಊರಿ ನನ್ನನ್ನೇ ನೋಡುತ್ತಿದ್ದರು. ಆಮೇಲೆ ತುಟಿ ಬಿಗಿಹಿಡಿದೇ, "ಆತು. ಮನಿ ನಿಂದೇ. ದೀಪಾವಳಿ ಆದ್ಮ್ಯಾಲೆ ಪಾಯ ತೆಗೆಸು" ಅಂದರು.

ಆಳುಗಳಿಗೆ ಶಿರಾ, ಮಂಡಕ್ಕಿ, ಮಿರ್ಚಿ ನಾನೇ ಬಡಿಸಿದೆ. ಒಂದಿಬ್ಬರ ಮಿರ್ಚಿಯ ಮೇಲೆ ಶಿರಾ ಬಿತ್ತು. ಅವರು ಅದನ್ನೂ ತಿಂದು ಚೆನ್ನಾಗಿದೆ ಅಂದರು.

ಮಾರನೆಯ ಬೆಳಿಗ್ಗೆ ತಾರಸಿಗೆ ನೀರು ಹಿಡಿಸಲು ಹೋಗಿದ್ದೆ. ಟ್ರ್ಯಾಕ್ಟರಿನವನು ಬಾಕಿ ಕೇಳಲು ಬಂದ.

"ಒಟ್ಟು ಒಂಬತ್ತು ಲೋಡ್ ಆದ್ವು ಮೇಡಮ್ಮಾರೆ."

"ಎಂಟಪ್ಪ" ಅಂದೆ ನಗುತ್ತಲೇ. "ನಂದು ಆರು, ಯಜಮಾನ್ರದು ಒಂದು, ನಮ್ಮತ್ತೆದು ಒಂದು. ಅವ್ರಿಬ್ರ ಕಳ್ಳತನ ನಿನ್ನೆನೇ ಬಯಲಾತು."

"ಅವು ಎಂಟೂ ಸರಿ ಅದಾವ್ರಿ. ಇನ್ನೊಂದು ಹರಿಹರದ ಅಕ್ಕಾರದು. ಎಲ್ಲಾರಿಗಿಂತ ಮೊದ್ಲು ಅವ್ರೇ ಫೋನ್ ಮಾಡಿದ್ದು. ಆರ್ರ ಮ್ಯಾಲೆ ಒಂದು ಹಾಕು, ಕಮ್ಮಿ ಬಿದ್ದು ಕೆಲ್ಸ ನಿಂದರಬಾರ್ದು, ಆಕಿಗೆ ಹೇಳಬ್ಯಾಡ ಅಂದ್ರು."

ಪೈಪು ಕೈಯಲ್ಲಿ ಹಾಗೇ ಉಳಿಯಿತು, ನೀರು ಕಾಲ ಮೇಲೆ ಸುರಿಯುತ್ತಿತ್ತು. ಒಂಬತ್ತು ಬಂದಿದೆ, ಎರಡು ಉಳಿದಿದೆ. ಹಿಡಿದದ್ದು ಏಳು. ನನ್ನ ಲೆಕ್ಕ ಒಂದು ಲೋಡು ಕಮ್ಮಿ ಇತ್ತು. ಮೂವರೂ ನನ್ನ ಮಾತು ಕೇಳಿ ಸುಮ್ಮನಿದ್ದಿದ್ದರೆ ಅಡುಗೆಮನೆಯ ಮೇಲೆ ಬರೀ ಕಬ್ಬಿಣ ಉಳಿದು, ಕೆಲಸ ನಿಂತುಹೋಗುತ್ತಿತ್ತು.

ಆ ಒಂದು ಲೋಡು ಎಲ್ಲಿಗೆ ಹೋಯಿತೆಂದು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಖಾಲಿ ಸೈಟಿನಲ್ಲಿ ದಿಬ್ಬವಿದ್ದ ಜಾಗವನ್ನು ಸಲಿಕೆಯಿಂದ ಕೆರೆದೆ. ಎರೆಮಣ್ಣು. ಮಳೆಗೆ ಮೆತ್ತಗಾಗಿ, ಮೇಲಿನ ಭಾರಕ್ಕೆ ಬಾಯಿ ಬಿಟ್ಟು, ಅಡಿಯ ಜಲ್ಲಿಯನ್ನೆಲ್ಲ ನುಂಗಿತ್ತು. ಚಿಕ್ಕಿಯಲ್ಲಿ ಶೇಂಗಾ ಕೂತ ಹಾಗೆ ಕಲ್ಲುಗಳು ಒಳಗೆ ಕೂತಿದ್ದವು, ಕೆರೆದಷ್ಟೂ ಇದ್ದವು. ಹುಟ್ಟಿದಂದಿನಿಂದ ಇಂಥ ಮಣ್ಣಿನ ಮೇಲೇ ಜಾರಿ ಬಿದ್ದು ಎದ್ದವಳು ನಾನು. ತಾರಸಿಯ ಲೆಕ್ಕ ಹಾಕಿದೆ, ಟ್ರೇಲರಿನ ಲೆಕ್ಕ ಹಾಕಿದೆ, ನೆಲದ ನೆನಪೇ ಆಗಲಿಲ್ಲ.

ಅದಕ್ಕಿಂತ ಹೆಚ್ಚಾಗಿ ಕಿವಿ ಬಿಸಿಯಾದದ್ದು ಇನ್ನೊಂದು ವಿಷಯಕ್ಕೆ. ನಿನ್ನೆ ನಾನು ಕುಣಿಯುತ್ತಿದ್ದಾಗ ಅಲ್ಲಿದ್ದವರಲ್ಲಿ ಹರಿಹರದಕ್ಕನಿಗೆ ಒಬ್ಬರಿಗೇ ಒಂಬತ್ತು ಎಂದು ಗೊತ್ತಿತ್ತು. ಕೂಡಿಸಿ ಕಳೆಯುವುದರಲ್ಲಿ ಅವರು ನನಗಿಂತ ಚುರುಕು. ನಾನು ಸೋತಿದ್ದೇನೆಂದು ತಿಳಿದೇ ಮನೆ ನಿಂದೇ ಅಂದಿದ್ದರು. ಪಾಪ, ಕುಣೀತಾಳೆ ಎಂದು ಕರುಣೆಯಿಂದ ಕೊಟ್ಟರೇ? ಹಾಗೆ ಸಿಕ್ಕ ಮನೆ ನನಗೆ ಬೇಡವಾಗಿತ್ತು. ಒದ್ದೆ ಸೀರೆಯಲ್ಲೇ ಹರಿಹರದ ಬಸ್ಸು ಹತ್ತಿದೆ. ಈ ಸಲ ಕಂಡಕ್ಟರಿಗೆ ಊರಿನ ಹೆಸರನ್ನೇ ಹೇಳಿದೆ.

ಅಂಗಡಿಯಲ್ಲಿ ಹೆಂಗಸೊಬ್ಬಳು ಹಿತ್ತಾಳೆಯ ಕೊಡ ಆರಿಸುತ್ತಿದ್ದಳು. ನಾನು ಮೆಟ್ಟಿಲ ಮೇಲೆ ನಿಂತೇ ಹೇಳಿಬಿಟ್ಟೆ.

"ಅಕ್ಕಾ, ಏಳು ಹಿಡಿದೈತೆ. ನಂದು ತಪ್ಪಿತ್ತು. ಕರುಣೆ ತೋರಿಸಿ ಮನಿ ಕೊಡಬ್ಯಾಡ್ರಿ."

ಹರಿಹರದಕ್ಕ ತಕ್ಕಡಿಯ ಮೇಲೆ ಕೊಡ ಇಡುತ್ತಿದ್ದವರು ತಲೆ ಎತ್ತಲೂ ಇಲ್ಲ.

"ಕರುಣೆ ಯಾಕ? ನಾನು ವ್ಯಾಪಾರದಾಕಿ. ಈ ಅಂಗಡಿ ಕಟ್ಟಿಸ್ದಾಗ ಒಬ್ಬ ಬರ್ತಿದ್ದ, ದೊಡ್ಡ ಇಂಜಿನಿಯರು. ನಿಂತು ನೋಡ್ತಿದ್ದ, ಹೋಗ್ತಿದ್ದ. ಗೋಡೆ ಮ್ಯಾಲೆ ಒಂದಿನ ಕೈ ಇಟ್ಟಿದ್ದು ನಾನು ನೋಡ್ಲಿಲ್ಲ. ನೀನು ನೋಡಿದ್ರೆ ಸೀರಿ ತುಂಬ ಸಿಮೆಂಟ್ ಮಾಡ್ಕೊಂಡು ಕುಣೀತಿದ್ದಿ. ತಪ್ಪೈತೆ ಅಂತ ಗೊತ್ತಾದ ಕೂಡ್ಲೇ ಬಸ್ ಹತ್ಕೊಂಡು ಹೇಳಾಕ ಬಂದಿ. ನಂಗೆ ಅಂಥೋರು ಬೇಕು. ಜಲ್ಲಿದೇನು ದೊಡ್ಡದು, ಫೋನ್ ಮಾಡಿದ್ರೆ ಬರ್ತೈತೆ."

ನಾನು ಮೆಟ್ಟಿಲ ಮೇಲೇ ಕೂತುಬಿಟ್ಟೆ. ನಗು ಮೊದಲು ಬಂತೋ ಅಳು ಮೊದಲು ಬಂತೋ ಈಗಲೂ ಹೇಳಲಾರೆ, ಎರಡೂ ಒಟ್ಟೊಟ್ಟಿಗೇ ಬಂದು ನಿಲ್ಲಲೇ ಇಲ್ಲ. ಕೊಡ ಕೊಳ್ಳಲು ಬಂದವಳು ಗಾಬರಿಯಾಗಿ ನನ್ನನ್ನೊಮ್ಮೆ, ಹರಿಹರದಕ್ಕನನ್ನೊಮ್ಮೆ ನೋಡಿದಳು.

"ಯಾರ್ರಿ ಇವ್ರು? ಏನಾತು?"

ಹರಿಹರದಕ್ಕ ಕೊಡವನ್ನು ತಕ್ಕಡಿಯಿಂದ ಇಳಿಸಿ ಅವಳ ಕೈಗೆ ಕೊಟ್ಟರು.

"ನಮ್ಮ ಇಂಜಿನಿಯರು" ಅಂದರು.